ಅಜ್ಜ-ಅಜ್ಜಿಯ ಮದುವೆ ಫೋಟೋಗೆ ಹೊಸ ಕಟ್ಟು: ಯಾವ ಬೋರ್ಡು, ಯಾವ ಗಾಜು?

ಹೊಳೆಬಾಗಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ, ಹೆಂಚಿನ ಮನೆ. ಜಗಲಿಯ ಗೋಡೆಯ ಮೇಲೆ ಅಜ್ಜ-ಅಜ್ಜಿಯ ಮದುವೆ ಫೋಟೋ ಇದೆ. ಕಪ್ಪು-ಬಿಳುಪು, 10 ಇಂಚು ಅಗಲ, 12 ಇಂಚು ಎತ್ತರ. ಶಿವಮೊಗ್ಗದ ಸ್ಟುಡಿಯೋದಲ್ಲಿ ತೆಗೆಸಿದ್ದು. ಯಾವ ವರ್ಷ ಅಂತ ಮನೆಯಲ್ಲಿ ಯಾರಿಗೂ ಖಚಿತವಿಲ್ಲ. ಅಪ್ಪ 1952 ಅನ್ನುತ್ತಾರೆ, ಅತ್ತೆ 1956 ಅನ್ನುತ್ತಾರೆ. ಫೋಟೋವನ್ನು ಸ್ಟುಡಿಯೋದವರೇ ಒಂದು ದಪ್ಪ ಕಾರ್ಡಿಗೆ ಅಂಟಿಸಿ ಕೊಟ್ಟಿದ್ದಾರೆ.

ಈ ಮಳೆಗಾಲ ಹೆಂಚು ಸರಿದು ಗೋಡೆ ಮೇಲೆ ನೀರು ಇಳಿಯಿತು. ಕಟ್ಟು ಕೆಳಗಿಳಿಸಿ ಹಿಂಬದಿ ಬಿಚ್ಚಿದೆ. ಮೂರು ತೆಳು ಹಲಗೆ, ಅದರ ಒಳಗೆ ಮಡಿಸಿದ ದಿನಪತ್ರಿಕೆ, ಆಮೇಲೆ ಕಾರ್ಡು. ಕಾರ್ಡಿನ ಹಿಂಬದಿಯಲ್ಲಿ ಮೇಲಿಂದ ಕೆಳಗೆ ಎರಡು ಕಂದು ಗೆರೆಗಳಿವೆ. ಮೊದಲು ಅರ್ಥವಾಗಲಿಲ್ಲ. ಹಲಗೆ ವಾಪಸ್ ಇಟ್ಟು ನೋಡಿದರೆ, ಹಲಗೆಗಳ ನಡುವಿನ ಸಂದು ಎಲ್ಲಿದೆಯೋ ಅಲ್ಲೇ ಗೆರೆ! ಫೋಟೋದಲ್ಲಿ ಅಜ್ಜನ ಕಪ್ಪು ಕೋಟಿನ ಮೇಲೆ ನೀಲಿ ಹೊಳಪು ಬಂದಿದೆ. ಕೆಳಗಿನ ಎಡ ಮೂಲೆ ಗಾಜಿಗೆ ಅಂಟಿಕೊಂಡಿದೆ. ಎಳೆಯಲು ಧೈರ್ಯ ಬರಲಿಲ್ಲ, ಹಾಗೇ ಇಟ್ಟಿದ್ದೇನೆ.

ಪೇಟೆಯಲ್ಲಿ ಕೇಳಿದರೆ, "ಕಾರ್ಡು ಕಿತ್ತು ಹಾಕಿ ಹೊಸ ಬೋರ್ಡಿಗೆ ಅಂಟಿಸಿ ಕೊಡ್ತೀವಿ, ಎಲ್ಲ ಆಸಿಡ್ ಫ್ರೀ" ಅಂದರು. ನಂಬಬಹುದಾ? ಇನ್ನೂ 50 ವರ್ಷ ಬಾಳಬೇಕು ಅಂದರೆ ಏನೇನು ಹಾಕಬೇಕು?

ಬಯಲುಸೀಮೆ:

ಒಳ್ಳೆ ಸ್ಕ್ಯಾನ್ ಮಾಡಿಸಿಕೊಂಡು ಮೂಲವನ್ನು ಲ್ಯಾಮಿನೇಷನ್ ಮಾಡಿಸಿಬಿಡಿ. ನೀರು, ಹುಳ ಯಾವ ತೊಂದರೆಯೂ ಇರಲ್ಲ.

ಕತ್ತಲೆಕೋಣೆ, ಮೈಸೂರು:

ದಯವಿಟ್ಟು ಲ್ಯಾಮಿನೇಷನ್ ಬೇಡ. ಹೇಳಿದವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಬಿಸಿ ರೋಲರಿನ ಕೆಳಗೆ ಹೋದ ಫೋಟೋವನ್ನು ಮತ್ತೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಕಾರ್ಡಿಂದ ಕೀಳುವುದೂ ಬೇಡ. ಮೂಲೆಯನ್ನು ಗಾಜಿನಿಂದ ಎಳೆಯದೆ ಬಿಟ್ಟಿರಲ್ಲ, ಅದು ನೀವು ಮಾಡಿದ ಅತಿ ಒಳ್ಳೆಯ ಕೆಲಸ.

ನಾನು 1993ರಿಂದ ಮನೆಯಲ್ಲೇ ಕತ್ತಲೆಕೋಣೆ ಇಟ್ಟುಕೊಂಡು ಕಪ್ಪು-ಬಿಳುಪು ಪ್ರಿಂಟ್ ಮಾಡುತ್ತಿದ್ದೇನೆ. ಕಟ್ಟು ಹಾಕುವುದನ್ನು ಕೆಡಿಸಿಯೇ ಕಲಿತೆ. 2001ರಲ್ಲಿ ಒಂದು ಪ್ರದರ್ಶನಕ್ಕೆ 14 ಪ್ರಿಂಟ್ ಮಾಡಿದೆ. ಪ್ರತಿಯೊಂದಕ್ಕೂ ಒಂದೊಂದು ರಾತ್ರಿ ಹಿಡಿದಿತ್ತು. ಗಂಟೆಗಟ್ಟಲೆ ತೊಳೆದು, ಬಾಳಿಕೆ ಬರಲಿ ಅಂತ ಸೆಲೆನಿಯಂ ದ್ರಾವಣದಲ್ಲಿ ಅದ್ದಿ ಟೋನ್ ಕೊಟ್ಟು, ಕೊನೆಗೆ ಅವನ್ನು ಅಂಗಡಿಯಿಂದ ತಂದ ಮಾಮೂಲಿ ಮೌಂಟ್ ಬೋರ್ಡಿಗೆ ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದೆ. 2009ರಲ್ಲಿ ಒಂದನ್ನು ಬಿಚ್ಚಿದೆ. ಕಿಟಕಿಯಂತೆ ಕತ್ತರಿಸಿದ ಬೋರ್ಡಿನ ಓರೆ ಅಂಚು, ತಂದಾಗ ಹಾಲಿನಂತಿದ್ದದ್ದು, ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನು ಎತ್ತಿದೆ. ಕೆಳಗೆ ಪ್ರಿಂಟಿನ ಬಿಳಿ ಅಂಚಿನ ಮೇಲೆ, ಸ್ಕೇಲ್ ಇಟ್ಟು ಎಳೆದ ಹಾಗೆ, ನಾಲ್ಕೂ ಕಡೆ ಒಂದು ಕಂದು ಗೆರೆ. ಬೋರ್ಡಿನ ಆಮ್ಲ ಕಾಗದಕ್ಕೆ ಇಳಿದ ಗುರುತು ಅದು. ಟೇಪಿನ ಅಂಟು ಕಾಗದದ ಒಳಗೆ ಹೋಗಿ ಹಿಂಬದಿಯಲ್ಲಿ ಎಣ್ಣೆ ಕಲೆಯಂತೆ ಹರಡಿತ್ತು. 14ರಲ್ಲಿ 9 ಹಾಳು. ಅವತ್ತಿನಿಂದ ನಾನು ಮುಂದಿನ ಗಾಜಿಗಿಂತ ಹಿಂದಿನ ಬೋರ್ಡಿಗೆ ಜಾಸ್ತಿ ದುಡ್ಡು ಹಾಕುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ. ಫೋಟೋವನ್ನು ಮುಟ್ಟುವ ವಸ್ತು ಯಾವುದೋ ಅದಕ್ಕೇ ಮೊದಲ ಖರ್ಚು.

ನಿಮ್ಮ ಫೋಟೋಗೆ ಏನಾಗಿದೆ ಅಂದರೆ: ಆ ಕಾಲದ ಪ್ರಿಂಟು ಅಂದರೆ ಕಾಗದದ ಮೇಲೆ ಜೆಲಟಿನ್ ಪದರ, ಅದರೊಳಗೆ ಬೆಳ್ಳಿಯ ಸಣ್ಣ ಕಣಗಳು. ಜೆಲಟಿನ್ ತೇವ ಹೀರಿದರೆ ಉಬ್ಬಿ ಮೆತ್ತಗಾಗುತ್ತದೆ, ಎದುರಿಗಿರುವ ಗಾಜಿಗೆ ಅಂಟುತ್ತದೆ. ಅದಕ್ಕೇ ಗಾಜಿಗೂ ಫೋಟೋಗೂ ನಡುವೆ ಯಾವಾಗಲೂ ಜಾಗ ಬೇಕು. ಕೋಟಿನ ಮೇಲಿನ ನೀಲಿ ಹೊಳಪು ಬೆಳ್ಳಿಯದೇ. ಕೆಟ್ಟ ಗಾಳಿ, ತೇವ ಸೇರಿ ಬೆಳ್ಳಿ ಕರಗಿ ಮೇಲ್ಮೈಗೆ ಬಂದು ಮತ್ತೆ ಕೂತಿದೆ. ಕಪ್ಪು ಜಾಸ್ತಿ ಇರುವಲ್ಲಿ ಬೆಳ್ಳಿಯೂ ಜಾಸ್ತಿ, ಅದಕ್ಕೇ ಮುಖಕ್ಕಿಂತ ಮೊದಲು ಕೋಟಿನಲ್ಲಿ ಕಂಡಿದೆ. ಅದನ್ನು ಒರೆಸಲು ಹೋಗಬೇಡಿ. ಇನ್ನು ಆ ಎರಡು ಗೆರೆ, ಸಂದಿನಿಂದ ಹೊರಗಿನ ಗಾಳಿ, ಹೊಗೆ, ದೂಳು 70 ವರ್ಷ ಒಳಗೆ ಬಂದ ದಾರಿ. ನೀವೇ ಹಲಗೆ ಇಟ್ಟು ಕಂಡುಹಿಡಿದಿರಿ, ನನಗೆ ತುಂಬಾ ಖುಷಿಯಾಯಿತು.

ಬೋರ್ಡಿನ ವಿಷಯ. "ಆಸಿಡ್ ಫ್ರೀ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಮರದ ತಿರುಳಿನಲ್ಲಿ ಲಿಗ್ನಿನ್ ಅಂತ ಒಂದು ವಸ್ತು ಇರುತ್ತದೆ. ಬಿಸಿಲಲ್ಲಿ ಬಿಟ್ಟ ದಿನಪತ್ರಿಕೆ ಹಳದಿಯಾಗುವುದು ಅದರಿಂದಲೇ. ಎಷ್ಟೋ ಅಗ್ಗದ ಬೋರ್ಡುಗಳಲ್ಲಿ ಮೇಲಿನ ಕಾಗದ ಮಾತ್ರ ಚೆನ್ನಾಗಿರುತ್ತದೆ, ಆಮ್ಲ ಅಡಗಲಿ ಅಂತ ತಿರುಳಿಗೆ ಸುಣ್ಣ ಬೆರೆಸಿರುತ್ತಾರೆ, ಲಿಗ್ನಿನ್ ಹಾಗೇ ಇರುತ್ತದೆ. ಕೊಂಡ ದಿನ ಆಮ್ಲ ಇರಲ್ಲ, ಕೆಲವು ವರ್ಷಕ್ಕೆ ಬರುತ್ತದೆ. ನೀವು ಕೇಳಬೇಕಾದದ್ದು ನೂರಕ್ಕೆ ನೂರು ಹತ್ತಿಯ ರ‍್ಯಾಗ್ ಬೋರ್ಡು, ಅಥವಾ ಲಿಗ್ನಿನ್ ತೆಗೆದ ಆಲ್ಫಾ ಸೆಲ್ಯುಲೋಸ್ ಬೋರ್ಡು. ಜೊತೆಗೆ ಇನ್ನೊಂದು ಮಾತು ಕೇಳಿ: "ಪಿಎಟಿ ಪಾಸ್ ಆಗಿದೆಯಾ?" ಪಿಎಟಿ ಅಂದರೆ ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್, ಫೋಟೋಗೆಂದೇ ಇರುವ ಪರೀಕ್ಷೆ, ಐಎಸ್ಒ 18916. ಬೋರ್ಡಿನ ತುಂಡನ್ನು ಬೆಳ್ಳಿ ಕಣ ಇರುವ ಫಿಲ್ಮಿಗೆ ಒತ್ತಿ 70 ಡಿಗ್ರಿ ಬಿಸಿಯಲ್ಲಿ, 86 ಶೇಕಡಾ ತೇವದಲ್ಲಿ 15 ದಿನ ಇಡುತ್ತಾರೆ. ಫಿಲ್ಮ್ ಮಾಸಿದರೆ ಅಥವಾ ಕಲೆಯಾದರೆ ಬೋರ್ಡು ಫೇಲ್. ಆಮ್ಲ ಇಲ್ಲದ ಬೋರ್ಡೂ ಇದರಲ್ಲಿ ಫೇಲ್ ಆಗಬಹುದು, ಏಕೆಂದರೆ ಅದರ ಅಂಟು, ಬಣ್ಣ ಬೆಳ್ಳಿಗೆ ಆಗದೆ ಇರಬಹುದು. ಕೊಳ್ಳುವಾಗ ಈ ಸರ್ಟಿಫಿಕೇಟ್ ಇರುವ ಬೋರ್ಡನ್ನೇ ಹಿಡಿಯಿರಿ.

ಬಫರ್ಡ್, ಅನ್‌ಬಫರ್ಡ್ ಅಂತ ಎರಡು ಬಗೆ ಸಿಗುತ್ತವೆ. ಬಫರ್ಡ್ ಅಂದರೆ ಮುಂದೆ ಬರುವ ಆಮ್ಲವನ್ನು ತಡೆಯಲು ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ್ದು. ನಿಮ್ಮ ಕಪ್ಪು-ಬಿಳುಪಿಗೆ ಎರಡೂ ನಡೆಯುತ್ತದೆ. ಕಾರ್ಡೇ ಆಮ್ಲದ್ದಾಗಿರುವುದರಿಂದ ನಾನಾದರೆ ಬಫರ್ಡ್ ಹಾಕುತ್ತೇನೆ. ಬಣ್ಣದ ಲ್ಯಾಬ್ ಪ್ರಿಂಟ್, ಅಥವಾ ಸಯನೋಟೈಪ್ ಅನ್ನುವ ಹಳೆಯ ಬಗೆಯ ನೀಲಿ ಪ್ರಿಂಟ್ ಆಗಿದ್ದರೆ ಅನ್‌ಬಫರ್ಡ್. ಸಯನೋಟೈಪಿನ ನೀಲಿ ಕ್ಷಾರಕ್ಕೆ ಬಿಳಚಿಕೊಳ್ಳುತ್ತದೆ.

ಅಂಟಿನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಫೋಟೋಗೆ ಅಂಟು ಬೇಡ, ಒಂದು ಹನಿಯೂ ಬೇಡ. ನಿಮ್ಮಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ ತರುತ್ತೀರಲ್ಲ, ಅದನ್ನೇ ನಮ್ಮ ಬೈಂಡಿಂಗ್ ಮಾಡುವವರು ಹುಳ ಬರದಿರಲಿ ಅಂತ ಮೈದಾ ಅಂಟಿಗೆ ಹಾಕುವ ರೂಢಿ ಇದೆ. ಅದು ತಾಮ್ರದ ಉಪ್ಪು. ಪುಸ್ತಕದ ರಟ್ಟಿಗೆ ಹಾಕುವುದೇ ಒಳ್ಳೆಯದಲ್ಲ, ಬೆಳ್ಳಿ ಇರುವ ಫೋಟೋ ಹತ್ತಿರ ಅಂತೂ ಸುಳಿಯಬಾರದು. ನಮ್ಮ ಅಮ್ಮನ ಆಲ್ಬಮ್ಮಿಗೆ ಹೀಗೆ ಮಾಡಿದ್ದರು. ಬ್ರಷ್ ಎಳೆದ ದಾರಿಯಲ್ಲೇ ಫೋಟೋಗಳ ಮುಂಬದಿಗೆ ಕಂದು ಪಟ್ಟೆ ಬಂದಿದೆ. ಅಮ್ಮನ ಹುಡುಗಿ ವಯಸ್ಸಿನ ಫೋಟೋ ನಮ್ಮಲ್ಲಿರುವುದು ಅವಷ್ಟೇ.

ಹಾಗಾದರೆ ಹಿಡಿಸುವುದು ಹೇಗೆ? ಬರಿಯ ಪ್ರಿಂಟಾದರೆ ಪಾಲಿಯೆಸ್ಟರ್ ಹಾಳೆಯ ಮೂಲೆಗಳನ್ನು ಮಾಡಿ ಅದರಲ್ಲಿ ಸಿಕ್ಕಿಸಬೇಕು. ನಿಮ್ಮದು ದಪ್ಪ ಕಾರ್ಡು, ಭಾರ. ಕೆಳಗಿನ ಬೋರ್ಡಿನ ಮೇಲೆ ಕಾರ್ಡಿನ ಸುತ್ತ ಅದೇ ಬೋರ್ಡಿನ ಪಟ್ಟಿಗಳನ್ನು ಬಾವಿಕಟ್ಟೆಯ ಹಾಗೆ ಕಟ್ಟಿ. ಪಟ್ಟಿ ಕಾರ್ಡಿಗಿಂತ ತುಸು ಎತ್ತರ ಇರಲಿ, ಸುತ್ತ ಒಂದೆರಡು ಮಿಲಿಮೀಟರ್ ಸಡಿಲ ಇರಲಿ. ಮಳೆಗಾಲದಲ್ಲಿ ಕಾರ್ಡು ಹಿಗ್ಗುತ್ತದೆ. ಅದರೊಳಗೆ ಕಾರ್ಡನ್ನು ಸುಮ್ನೆ ಇಳಿಸಿ. ಮೇಲೆ ಕಿಟಕಿ ಕತ್ತರಿಸಿದ ಬೋರ್ಡು ಮುಚ್ಚಿದರೆ ಅದು ಎಲ್ಲಿಗೂ ಹೋಗಲ್ಲ. 4 ಪ್ಲೈ, ಅಂದರೆ ನಾಲ್ಕು ಪದರದ ಬೋರ್ಡು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಇರುತ್ತದೆ. ನಿಮ್ಮ ಊರಿನ ಮಳೆಗೆ ಅದು ಸಾಲದು. ಕಿಟಕಿಗೆ 8 ಪ್ಲೈ ಹಾಕಿ, ಗಾಜು ಅಷ್ಟು ದೂರ ಉಳಿಯುತ್ತದೆ.

ಅಂಟಿದ ಮೂಲೆ ನೀವು ಮಾಡುವ ಕೆಲಸ ಅಲ್ಲ, ನಾನು ಮಾಡುವ ಕೆಲಸವೂ ಅಲ್ಲ. ನೀರು ತಾಗಿಸಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಗಾಜಿನ ಮೂಲಕವೇ ಒಳ್ಳೆಯ ಕ್ಯಾಮೆರಾದಲ್ಲಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಆಮೇಲೆ ಗಾಜು ಕೆಳಗೆ, ಫೋಟೋ ಮೇಲೆ ಬರುವ ಹಾಗೆ ಎರಡು ರಟ್ಟಿನ ನಡುವೆ ಮಲಗಿಸಿ ಒಯ್ಯಿರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರ ಸಂರಕ್ಷಣಾ ಕೇಂದ್ರ ಇದೆ, ಮೊದಲು ಅಲ್ಲಿ ವಿಚಾರಿಸಿ.

ಹೊಳೆಬಾಗಿಲು:

ಇಷ್ಟು ಬಿಡಿಸಿ ಬರೆದದ್ದಕ್ಕೆ ಏನು ಹೇಳಲಿ! ಇನ್ನು ಮೂರು ಪ್ರಶ್ನೆ. ಹಿಂದಿನ ಹಲಗೆ ಬದಲು ಏನು ಹಾಕಲಿ, ಪ್ಲೈವುಡ್ ಆಗುತ್ತಾ? ಗಾಜು ಮ್ಯೂಸಿಯಂ ಗ್ಲಾಸೇ ಬೇಕಾ? ಮತ್ತೆ, ಅಜ್ಜನ ತಿಥಿಯ ದಿನ ಅಮ್ಮ ಗಾಜಿನ ಮೇಲೆ ಕುಂಕುಮ ಇಟ್ಟು ಸೇವಂತಿಗೆ ಹಾರ ಹಾಕುತ್ತಾರೆ. ಅದನ್ನು ಬೇಡ ಅನ್ನಲು ನನಗೆ ಆಗಲ್ಲ.

ಕಟ್ಟಿನಂಗಡಿ, ಹುಬ್ಬಳ್ಳಿ:

ನಾನು ಫೋಟೋ ಕಟ್ಟು ಹಾಕೋ ಅಂಗಡಿಯವನು ರೀ, ಅಪ್ಪನ ಕಾಲದಿಂದ. ಮೇಲೆ ಹೇಳಿದ್ದು ಎಲ್ಲ ಖರೆ. ಹಿಂದಿನ ಹಲಗೆ ಬಗ್ಗೆ ನಾ ಹೇಳ್ತೀನಿ.

ಪ್ಲೈವುಡ್ ಬ್ಯಾಡ, ಎಂಡಿಎಫ್ ಬ್ಯಾಡ, ಹಾರ್ಡ್‌ಬೋರ್ಡೂ ಬ್ಯಾಡ. ಮರ, ಮತ್ತು ಅದರ ಅಂಟು ವರ್ಷಗಟ್ಟಲೆ ಆಮ್ಲದ ಆವಿ ಬಿಡ್ತಾವ. ಫ್ಲೆಕ್ಸ್ ಅಂಗಡಿಯಾಗ ಸನ್‌ಪ್ಯಾಕ್ ಶೀಟ್ ಸಿಗ್ತದ, ಒಳಗ ಉದ್ದುದ್ದ ಕೊಳವಿ ಇರೋದು. ಅದು ಪಾಲಿಪ್ರೊಪಿಲೀನ್, ಫೋಟೋಗೆ ತೊಂದರೆ ಇಲ್ಲ, ನೀರು ಹೀರೂದಿಲ್ಲ. ಹೆಸರು ಸರಿಯಾಗಿ ಹೇಳ್ರಿ, ಯಾಕಂದ್ರ ಸನ್‌ಬೋರ್ಡ್ ಅಂತ ಇನ್ನೊಂದು ಕೊಡ್ತಾರ. ಅದು ಬಹಳ ಸಲ ಪಿವಿಸಿ ಫೋಮ್ ಇರ್ತದ. ಪಿವಿಸಿ ಹಳೇದಾದಂಗ ಆಮ್ಲ ಬಿಡ್ತದ, ಫೋಟೋ ಹತ್ರ ಇಡಬಾರದು.

ನಿಮ್ಮ ಹಳೇ ಸಾಗುವಾನಿ ಕಟ್ಟು ಒಗೀಬ್ಯಾಡ್ರಿ. ಒಳಗೆ ಗಾಜು ಕೂಡೋ ಮೆಟ್ಟಿಲಿಗೆ ಅಲ್ಯುಮಿನಿಯಂ ಫಾಯಿಲಿನ ಟೇಪ್ ಹಚ್ಚಿದ್ರ ಮರ ಬೋರ್ಡನ್ನ ಮುಟ್ಟೂದಿಲ್ಲ. ಆದ್ರ ಹಳೇ ಕಟ್ಟಿನ ಆಳ ಕಮ್ಮಿ ಇರ್ತದ. 8 ಪ್ಲೈ, ಕಾರ್ಡು, ಅಡಿ ಬೋರ್ಡು, ಸನ್‌ಪ್ಯಾಕ್, ಎಲ್ಲ ಕೂಡಿದ್ರ ಹೊರಗ ಬರ್ತದ. ಹಂಗಾದ್ರ ಹಿಂಬದಿಗೆ ಇನ್ನೊಂದು ಪಟ್ಟಿ ಕೂಡಿಸಿ ಆಳ ಮಾಡಿಸ್ರಿ. ಮುಂದಿಂದ ಏನೂ ಕಾಣೂದಿಲ್ಲ. ಗಾಜು, ಬೋರ್ಡು, ಸನ್‌ಪ್ಯಾಕ್ ಮೂರನ್ನೂ ಮೊದಲು ಒಟ್ಟಿಗೆ ಜೋಡಿಸಿ ಸುತ್ತ ಟೇಪ್ ಹಾಕಿ, ಆಮ್ಯಾಲೆ ಫ್ರೇಮಿಗೆ ಇಳಿಸ್ರಿ. ಇರುವೆ, ಬೆಳ್ಳಿ ಹುಳ ಒಳಗ ಹೋಗೂ ದಾರಿ ಅಷ್ಟೂ ಮುಚ್ಚಿತು.

ಒಂದು ಮಾತು, ನಾವು ಅಂಗಡಿಯವರು ಹಿಂಗ ಯಾಕ ಮಾಡೂದಿಲ್ಲ ಅಂದ್ರ ಯಾರೂ ಕೇಳೂದಿಲ್ಲ. ಕೇಳಿದ್ರ ಖುಷಿಯಿಂದ ಮಾಡ್ತೀವಿ. ನಾಲ್ಕು ದಿನ ಮೊದಲು ಹೇಳ್ರಿ, ಬೋರ್ಡ್ ತರಿಸಬೇಕಾಗ್ತದ.

ಕತ್ತಲೆಕೋಣೆ, ಮೈಸೂರು:

ಹುಬ್ಬಳ್ಳಿಯವರೇ, ನಿಮ್ಮಂಥ ಅಂಗಡಿಯವರು ಪ್ರತಿ ಊರಲ್ಲೂ ಇರಬೇಕು.

ಗಾಜಿನ ಬಗ್ಗೆ. ಮ್ಯೂಸಿಯಂ ಗ್ಲಾಸ್ ಅಂದರೆ ನೇರಳಾತೀತ ಕಿರಣಗಳನ್ನು ಶೇಕಡಾ 99ರವರೆಗೆ ತಡೆಯುವ ಗಾಜು, ಬೆಲೆ ಜಾಸ್ತಿ. ಬಣ್ಣದ ಪ್ರಿಂಟಿಗೆ ಅದು ಬೇಕೇ ಬೇಕು. ಬೆಳ್ಳಿಯ ಕಪ್ಪು-ಬಿಳುಪು ಬೆಳಕಿಗೆ ಅಷ್ಟು ಬೇಗ ಹೆದರುವುದಿಲ್ಲ. ಅದರ ಶತ್ರು ತೇವ, ಆವಿ. ಕೈಯಲ್ಲಿ ಇಷ್ಟೇ ದುಡ್ಡು ಇದೆ ಅಂದರೆ ಸಾದಾ ಗಾಜು ಹಾಕಿ, ಉಳಿದದ್ದನ್ನು ಬೋರ್ಡಿಗೆ ಕೊಡಿ. ಆದರೆ ಜಗಲಿಗೆ ಬಿಸಿಲು ಬೀಳುತ್ತದೆ ಅಂದರೆ ಯಾವ ಗಾಜೂ ಕಾಪಾಡುವುದಿಲ್ಲ, ಕಣ್ಣಿಗೆ ಕಾಣುವ ಬೆಳಕೂ ಕೆಡಿಸುತ್ತದೆ.

ಜಾಗ ಬದಲಿಸಿ ಅಂತ ಕೇಳಿಕೊಳ್ಳುತ್ತೇನೆ. ಮಲೆನಾಡಿನ ಹೊರಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರುತ್ತದೆ. ಗಾಳಿಯ ತೇವ 65 ಶೇಕಡಾ ದಾಟಿದರೆ ಜೆಲಟಿನ್ ಮೇಲೆ ಬೂಷ್ಟು ಬೆಳೆಯಲು ಶುರು, ನಿಮ್ಮಲ್ಲಿ ಆಷಾಢದಲ್ಲಿ 90 ದಾಟುತ್ತದೆ. ನಡುಮನೆಯ ಒಳಗೋಡೆ, ಅಡುಗೆಮನೆಗೆ ಒತ್ತಿಕೊಳ್ಳದ ಗೋಡೆ ಹುಡುಕಿ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಬಿಲ್ಲೆ ಅಂಟಿಸಿ, ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಓಡಾಡಲಿ. ಗೋಡೆಗೆ ಎಣ್ಣೆ ಪೇಂಟ್ ಹೊಡೆಸಿದ್ದರೆ ಕನಿಷ್ಠ ಒಂದು ತಿಂಗಳು ಅಲ್ಲಿ ತೂಗುಹಾಕಬೇಡಿ. ಒಣಗುವ ಪೇಂಟಿನಿಂದ ಬರುವ ಪೆರಾಕ್ಸೈಡ್ ಬೆಳ್ಳಿಯನ್ನು ತಿನ್ನುತ್ತದೆ.

ಕುಂಕುಮ, ಹಾರದ ವಿಷಯದಲ್ಲಿ ಅಮ್ಮನಿಗೆ ಏನೂ ಹೇಳಬೇಡಿ. ಹಾರದ ತೇವ, ಊದುಬತ್ತಿ ಹೊಗೆ ಹಾನಿ ಮಾಡುವುದು ನಿಜ. ಅದಕ್ಕೆ ಈಗ ತೆಗೆಯುವ ಪ್ರತಿಯಿಂದ ಪಿಗ್ಮೆಂಟ್ ಇಂಕಿನಲ್ಲಿ, ಹತ್ತಿ ಕಾಗದದ ಮೇಲೆ ಅದೇ ಅಳತೆಯ ಪ್ರಿಂಟ್ ಮಾಡಿಸಿ, ಅದಕ್ಕೂ ಒಳ್ಳೆ ಕಟ್ಟು ಹಾಕಿಸಿ, ತಿಥಿಗೆ ಅದು ಇರಲಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ. ಇಂಕ್‌ಜೆಟ್ ಪ್ರಿಂಟ್ ಬಂದ ಕೂಡಲೇ ಗಾಜಿನೊಳಗೆ ಹಾಕಬೇಡಿ. ಸಾದಾ ಕಾಗದ ಮುಚ್ಚಿ ಒಂದೆರಡು ದಿನ ಆರಲು ಬಿಡಿ, ಇಲ್ಲದಿದ್ದರೆ ಇಂಕಿನ ಆವಿ ಗಾಜಿನ ಒಳಗೆ ಮಂಜಿನಂತೆ ಕೂರುತ್ತದೆ.

ಇನ್ನೊಂದು. ಕಿಟಕಿ ಬೋರ್ಡು ಮುಚ್ಚುವ ಮುಂಚೆ ಕಾರ್ಡಿನ ಹಿಂಬದಿಯನ್ನು ಹಗಲು ಬೆಳಕಲ್ಲಿ ಓರೆಯಾಗಿ ಹಿಡಿದು ನೋಡಿ. ಸ್ಟುಡಿಯೋದವರು, ಮನೆಯವರು ಅಲ್ಲೇ ಏನಾದರೂ ಬರೆದಿರುತ್ತಾರೆ. ನೀವು ಏನಾದರೂ ಬರೆಯುವುದಿದ್ದರೆ ಪೆನ್ಸಿಲ್ಲಲ್ಲಿ, ಹೊಸ ಬೋರ್ಡಿನ ಮೇಲೆ ಬರೆಯಿರಿ.

ಬೋರ್ಡ್ ಈಗಲೇ ತರಿಸಿದರೂ ಕಟ್ಟು ಹಾಕುವುದು ಮಳೆ ನಿಂತ ಮೇಲೆ. ಒದ್ದೆ ಹೀರಿದ ಬೋರ್ಡನ್ನು ಟೇಪ್ ಹಾಕಿ ಮುಚ್ಚಿದರೆ ಮಳೆಗಾಲವನ್ನೇ ಒಳಗೆ ಕಟ್ಟಿಟ್ಟ ಹಾಗೆ.

ಹೊಳೆಬಾಗಿಲು:

ನಿನ್ನೆ ಸ್ವಲ್ಪ ಬಿಸಿಲು ಬಿತ್ತು. ಫೋಟೋವನ್ನು ಗಾಜಿನ ಸಮೇತ ಕವುಚಿ ಮಲಗಿಸಿ, ಮೇಲೆ ಕಾಣುತ್ತಿದ್ದ ಕಾರ್ಡಿನ ಹಿಂಬದಿಗೆ ಬದಿಯಿಂದ ಟಾರ್ಚ್ ಬಿಟ್ಟೆ. ಕೆಳಗಡೆ, ಒಂದು ಕಂದು ಗೆರೆಯ ಪಕ್ಕದಲ್ಲಿ ಪೆನ್ಸಿಲ್ ಬರಹ ಇದೆ. ಹಲಗೆಗೆ ಒತ್ತಿಕೊಂಡು ಮಾಸಿದೆ, ನೇರ ಬೆಳಕಲ್ಲಿ ಕಾಣುವುದೇ ಇಲ್ಲ. ಅಜ್ಜನ ಕೈಬರಹ, ಅವರ ಅಡಿಕೆ ಲೆಕ್ಕದ ಪುಸ್ತಕದಲ್ಲಿ ನೋಡಿದ್ದರಿಂದ ಗುರುತು ಸಿಕ್ಕಿತು. "ಜಯ ಸಂ. ವೈಶಾಖ" ಅಂತ ಇದೆ. ಅದರ ಕೆಳಗೆ ಅಜ್ಜಿಯ ತವರಿನ ಹೆಸರು.

ಪಂಚಾಂಗದ ಲೆಕ್ಕ ಹಾಕಿದರೆ ಜಯ ಸಂವತ್ಸರ ಅಂದರೆ 1954. ಅಪ್ಪ ಹೇಳಿದ್ದೂ ಅಲ್ಲ, ಅತ್ತೆ ಹೇಳಿದ್ದೂ ಅಲ್ಲ. ಅತ್ತೆಗೆ ಫೋನ್ ಮಾಡಿ ಹೇಳಿದೆ, ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಅದನ್ನು ಇನ್ನೊಂದು ಸಲ ಓದಿಸಿಕೊಂಡರು. ಕಾರ್ಡು ಕಿತ್ತು ಹಾಕಲು ಕೊಟ್ಟಿದ್ದರೆ ಇದು ಪೇಟೆಯ ಕಸದ ಬುಟ್ಟಿಗೆ ಹೋಗುತ್ತಿತ್ತು.

ಬೋರ್ಡಿಗೆ ಹೇಳಿದ್ದೇನೆ, ರ‍್ಯಾಗ್, ಪಿಎಟಿ ಆಗಿರುವುದು, 8 ಪ್ಲೈ. ಬೆಂಗಳೂರಿಗೆ ಮುಂದಿನ ತಿಂಗಳು ಅಪ್ಪನ ಜೊತೆ ಒಯ್ಯುತ್ತೇನೆ, ಅವರು ಫೋಟೋವನ್ನು ತೊಡೆಯ ಮೇಲೇ ಮಲಗಿಸಿಕೊಂಡು ಕೂರುತ್ತಾರಂತೆ. ಮೂಲೆ ಬಿಡಿಸಿ ಕೊಟ್ಟರೆ ದೀಪಾವಳಿ ಕಳೆದು ಮೋಡ ಸರಿದ ಮೇಲೆ ಕಟ್ಟು. ಹುಬ್ಬಳ್ಳಿಯವರೇ, ಸನ್‌ಪ್ಯಾಕ್ 3 ಮಿಲಿಮೀಟರ್ ಸಾಕಾ, 5 ಬೇಕಾ?

ಕಟ್ಟಿನಂಗಡಿ, ಹುಬ್ಬಳ್ಳಿ:

3 ಸಾಕು ರೀ. ಕೊಳವಿ ಅಡ್ಡ ಬರೂ ಹಂಗ ಹಾಕ್ರಿ, ಎರಡೂ ಬಾಯಿಗೆ ಟೇಪ್ ಮುಚ್ಚೂದು ಮರೀಬ್ಯಾಡ್ರಿ. ಬಿಟ್ಟರ ಇರುವೆ ಅದರಾಗ ಮನಿ ಮಾಡ್ತಾವ.